ಕಸ್ತೂರಿಯ ಫೋನಿನಲ್ಲಿ ನಾನು ಬರೆದ ಮಾತುಗಳು

ಕಸ್ತೂರಿಯ ಮದುವೆ ಮುರಿದವನು ನಾನು. ಮುದ್ದೇಬಿಹಾಳದ ಆ ಹುಡುಗನಲ್ಲ, ಅವನ ಕಾಕಾ ಅಲ್ಲ, ಊರ ಬಾಯಿ ಅಲ್ಲ — ನಾನು. ಇಷ್ಟು ವರ್ಷ ಇದನ್ನು ನನಗೆ ನಾನೇ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡಿದ್ದೇನೆ. ಕಾಲವೇ ಹಾಗಿತ್ತು, ಮೊಬೈಲೆಂಬುದು ಆಗ ಯಾರಿಗೂ ಪೂರ್ತಿ ತಿಳಿದಿರಲಿಲ್ಲ, ಆ ಮೆಸೇಜು ಕಳಿಸುವ ಕಂಪನಿಯವರು ಮೋಸಗಾರರು... ಅವರು ಮೋಸಗಾರರೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅವರು ತಿಂದದ್ದು ರೊಕ್ಕ. ಉಳಿದದ್ದನ್ನೆಲ್ಲ ಮಾಡಿದವನು ನಾನು.

ಮೊಬೈಲು ದೊಡ್ಡವರ ಕಿಸೆ ಬಿಟ್ಟು ನಮ್ಮಂಥವರ ಮನೆಗೂ ಬರತೊಡಗಿದ್ದ ಕಾಲ ಅದು. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಕಲಿಸುತ್ತಿದ್ದೆ. ಹೆಂಡತಿ ಶಾರದಾ ಓಣಿಯ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು. ಕಸ್ತೂರಿ ಅವಳ ಒಬ್ಬಳೇ ತಂಗಿ. ನನ್ನ ಮಾವನವರದು ಇಂಡಿ ತಾಲೂಕಿನ ಅಗರಖೇಡ. ಹೊಲ ಮನೆ ಚೆನ್ನಾಗಿದ್ದವರು. ಹಿರಿಯ ಮಗಳನ್ನು ಓದು ಬಿಡಿಸಿ ಬೇಗ ಮದುವೆ ಮಾಡಿದೆನಲ್ಲ ಎಂಬ ಕೊರಗು ಅವರಿಗಿತ್ತು. ಹಾಗಾಗಿ ಕಿರಿಯವಳನ್ನು ಸಿಂದಗಿಯಲ್ಲೇ ಡಿ.ಎಡ್.ಗೆ ಸೇರಿಸಿ ನಮ್ಮ ಮನೆಯಲ್ಲಿ ಬಿಟ್ಟರು. ಬಿಟ್ಟು ಹೋಗುವಾಗ, "ನಿಮ್ಮ ಕೈಯಾಗ ಒಪ್ಪಿಸೇನಿ, ಮಾಸ್ತರ್ರ. ಇನ್ನ ಆಕಿ ಚಿಂತಿ ನನಗಿಲ್ಲ," ಎಂದರು.

ಕಸ್ತೂರಿ ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಕಾಲೇಜಿನಲ್ಲಿ ಪಾಠ ಮಾಡಿ ತೋರಿಸಬೇಕಾದ ಹಿಂದಿನ ದಿನ, ಊಟಕ್ಕೆ ಕೂತ ನಮ್ಮಿಬ್ಬರನ್ನೇ ಎರಡನೆಯ ಇಯತ್ತೆಯ ಮಕ್ಕಳು ಮಾಡಿಕೊಂಡು ಪಾಠ ಹೇಳುವಳು. ಶಾರದಾ ಬೇಕೆಂದೇ ತಪ್ಪು ಉತ್ತರ ಕೊಡುವಳು, ಇಬ್ಬರೂ ನಗುವರು. ನಮಗೆ ಮಕ್ಕಳಿರಲಿಲ್ಲ. ಆ ವಿಷಯ ಆಡುವುದನ್ನು ನಾನೂ ಶಾರದಾಳೂ ಬಿಟ್ಟು ಬಹಳ ದಿನಗಳಾಗಿದ್ದವು; ಅದರ ಜೊತೆ ಉಳಿದ ಮಾತುಗಳೂ ಯಾಕೋ ಹೋಗಿಬಿಟ್ಟಿದ್ದವು. ಇದನ್ನು ನೆಪವೆಂದು ಹೇಳುತ್ತಿಲ್ಲ — ಅಂಥ ಮನೆಗಳು ಎಷ್ಟಿಲ್ಲ, ಅಲ್ಲಿಯ ಗಂಡಸರೆಲ್ಲ ನಾನು ಮಾಡಿದ್ದನ್ನು ಮಾಡುವುದಿಲ್ಲ.

ಡಿ.ಎಡ್. ಕೊನೆಯ ವರ್ಷದಲ್ಲಿ ಅವಳಿಗೆ ಮುದ್ದೇಬಿಹಾಳದ ಮಹಾಂತೇಶನ ಜೊತೆ ನಿಶ್ಚಯವಾಯಿತು. ಅಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಮಾತು ಕಡಿಮೆ, ಸ್ವಭಾವ ಮೆತ್ತಗೆ, ಒಳ್ಳೆಯ ಹುಡುಗ. ಆಗ ನಿಶ್ಚಯವಾದ ಹುಡುಗಿಗೆ ಹುಡುಗ ಮೊಬೈಲು ಕೊಡಿಸುವುದು ನಮ್ಮ ಕಡೆ ಹೊಸ ರೂಢಿ. ಮಹಾಂತೇಶ ತನ್ನ ಹತ್ತಿರ ಇದ್ದಂಥದ್ದೇ ಒಂದು ಫೋನು ತಂದುಕೊಟ್ಟ. ಅದಕ್ಕೆ ಕರೆನ್ಸಿಯನ್ನೂ ಅವನೇ ಮುದ್ದೇಬಿಹಾಳದಿಂದ ಹಾಕಿಸುತ್ತಿದ್ದ. ಕಾಲೇಜಿಗೆ ಫೋನು ಒಯ್ಯುವಂತಿರಲಿಲ್ಲ. ಕಸ್ತೂರಿ ಅದನ್ನು ಮನೆಯಲ್ಲೇ ಟಿ.ವಿ. ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟು ಹೋಗುತ್ತಿದ್ದಳು. ಸಂಜೆ ಅವನು ಫೋನು ಮಾಡಿದಾಗ ಹಿತ್ತಲಿಗೆ ಹೋಗಿ ಮಾತಾಡುವಳು.

ಶನಿವಾರ ನಮಗೆ ಮುಂಜಾನೆಯ ಶಾಲೆ. ಮಧ್ಯಾಹ್ನದ ಹೊತ್ತಿಗೆ ನಾನು ಮನೆಗೆ ಬಂದಿರುತ್ತಿದ್ದೆ. ಶಾರದಾ ಅಂಗನವಾಡಿಯಿಂದ, ಕಸ್ತೂರಿ ಕಾಲೇಜಿನಿಂದ ಬರುವುದು ಇನ್ನೂ ತಡ. ಅಂಥ ಒಂದು ಶನಿವಾರ ಮಾಡದಲ್ಲಿ ಫೋನು ಟಿಂಯ್ ಎಂದಿತು. ತೆಗೆದು ನೋಡಿದೆ. ಎಲ್ಲರ ನಂಬರಿನಂತಲ್ಲದ ಒಂದು ಗಿಡ್ಡ ನಂಬರಿನಿಂದ ಇಂಗ್ಲಿಷಿನಲ್ಲಿ ಬಂದಿತ್ತು — ನಾನು ಪೂಜಾ, ಒಬ್ಬಳೇ ಇದ್ದೇನೆ, ನಿನ್ನ ಜೊತೆ ಮಾತಾಡಬೇಕು ಅನಿಸಿದೆ, ಬೇಕೆಂದರೆ ಎಸ್ ಎಂದು ಕಳಿಸು.

ನಾನು ಎಸ್ ಎಂದು ಕಳಿಸಿದೆ.

ಯಾಕೆ ಕಳಿಸಿದೆ? ಎಷ್ಟು ಸಲ ಕೇಳಿಕೊಂಡರೂ... ನನ್ನ ಕಿಸೆಯಲ್ಲೂ ಒಂದು ಫೋನಿತ್ತು, ಅದನ್ನು ಶಾರದಾ ಆಗಾಗ ಕೈಗೆತ್ತಿಕೊಳ್ಳುತ್ತಿದ್ದಳು. ಇದು ನನ್ನದಲ್ಲ — ಬಹುಶಃ ಅದೇ ಕಾರಣ. ಬೇರೆಯವರ ಬಾಗಿಲಿನಿಂದ ಹಣಿಕಿ ಹಾಕಿದ ಹಾಗೆ. ಉತ್ತರ ಬಂತು: ನಿನ್ನ ದಿನ ಹೇಗಿತ್ತು? ಯಾರೂ ನನ್ನನ್ನು ಹಾಗೆ ಕೇಳಿ ಎಷ್ಟೋ ಕಾಲವಾಗಿತ್ತು. ಇಂಗ್ಲಿಷಿನಲ್ಲಿ ಎರಡು ಮಾತಿಗಿಂತ ಹೆಚ್ಚು ಬರೆಯಲು ಬಾರದೆ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ. ಆ ಕಡೆಯಿಂದ ಅದಕ್ಕೆ ಸರಿಯಾದ ಉತ್ತರವೇನೂ ಬರುತ್ತಿರಲಿಲ್ಲ. ನೀನು ಬಹಳ ಒಳ್ಳೆಯವನು, ಇನ್ನಷ್ಟು ಹೇಳು, ಎಂದು ಬರುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಕೆಲವು ಶನಿವಾರಗಳು ಹೀಗೆ ಹೋದವು. ಬಂದ ಮೆಸೇಜುಗಳನ್ನೆಲ್ಲ ಕಸ್ತೂರಿ ಬರುವ ಮುಂಚೆ ಅಳಿಸಿ, ಫೋನನ್ನು ಮೊದಲಿದ್ದ ಹಾಗೆ ಮಾಡದಲ್ಲಿ ಇಡುತ್ತಿದ್ದೆ. ನಾವು ಕಳಿಸಿದ್ದು ಸಹ ಫೋನಿನಲ್ಲಿ ಬೇರೊಂದು ಕಡೆ ಉಳಿದಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರರು ತಮ್ಮ ಫೋನು ಹಿಡಿದು ಜೋರಾಗಿ ಓದತೊಡಗಿದರು. ನಾನು ಪೂಜಾ, ಒಬ್ಬಳೇ ಇದ್ದೇನೆ... ಅಕ್ಷರಕ್ಕೆ ಅಕ್ಷರ ಅದೇ. ಎಲ್ಲರೂ ನಕ್ಕರು. ಇನ್ನೊಬ್ಬರು, "ಆಕಿ ನನಗೂ ಬರದಾಳ್ರೀ. ಉತ್ತರ ಗಿತ್ತರ ಕೊಟ್ಟೀರಿ ಮತ್ತ, ಕರೆನ್ಸಿ ಎಲ್ಲಾ ಬಳಕೊಂಡು ಹೋಗ್ತಾಳ. ಆ ಕಡೆ ಪೂಜಾನೂ ಇಲ್ಲ ಗೀಜಾನೂ ಇಲ್ಲ, ಮಷಿನ್ ಐತಿ," ಎಂದರು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆನೇನೋ. ಆವತ್ತಿನಿಂದ ಕಸ್ತೂರಿಯ ಫೋನು ಮುಟ್ಟಲಿಲ್ಲ. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಒಮ್ಮೆ ಎಸ್ ಎಂದು ಕಳಿಸಿದವನ ಕರೆನ್ಸಿ, ಅವನು ಮಾತಾಡಲಿ ಬಿಡಲಿ, ದಿನಾಲೂ ಕಡಿತವಾಗುತ್ತಲೇ ಇರುತ್ತದಂತೆ. ಮಹಾಂತೇಶ ಹಾಕಿಸುವನು, ನೋಡನೋಡುತ್ತ ಅದು ಇಲ್ಲವಾಗುವುದು. ಕಸ್ತೂರಿ ತಾನಾಗಿ ಯಾರಿಗೂ ಫೋನು ಮಾಡುತ್ತಿರಲಿಲ್ಲ, ಮಾಡುತ್ತಿದ್ದವನು ಅವನೇ. ಹಾಗಿದ್ದರೆ ಕರೆನ್ಸಿ ಹೋಗುವುದೆಲ್ಲಿ? ಮೊದಲು ಅವನು ನಗುತ್ತ ಕೇಳಿದನಂತೆ. ಆಮೇಲೆ ನಗದೆ ಕೇಳಿದನಂತೆ. ಹಿತ್ತಲಿನಿಂದ ಅವಳು ಬೇಗ ಒಳಗೆ ಬರತೊಡಗಿದಳು.

ಒಂದು ಸಂಜೆ ಅವಳು ಕಂಪನಿಯವರಿಗೇ ಫೋನು ಹಚ್ಚಿದಳು. ಎಷ್ಟೋ ಹೊತ್ತು ಹಾಡು ಕೇಳಿಸಿ ಕೊನೆಗೆ ಒಬ್ಬ ಮಾತಾಡಿದ. ಏನೋ ಒಂದು ಸೇವೆ ಶುರುವಾಗಿದೆ, ಬೇಕೆಂದು ನಿಮ್ಮ ಫೋನಿನಿಂದಲೇ ಒಪ್ಪಿಗೆ ಬಂದಿದೆ, ಅಂದ. ಯಾವ ಸೇವೆ ಎಂದು ಕೇಳುವುದರೊಳಗೆ ಲೈನು ಹೋಯಿತು. ಅವಳು ನಡುಮನೆಗೆ ಬಂದು ನಿಂತಳು. ನಾನು ಪೇಪರು ಓದುತ್ತಿದ್ದೆ.

"ಮಾವ, ನನ್ನ ಫೋನ್ ಯಾರರ ಮುಟ್ಟಿದ್ರೇನ್ರಿ?"

ಪೇಪರು ಕೆಳಗಿಳಿಸದೆ ಹೇಳಿದೆ: "ನಿನ್ನ ಫೋನು ನಮಗ್ಯಾಕ ಬೇಕವಾ?"

ಅಷ್ಟೇ. ಅಲ್ಲಿ ಒಂದು ಮಾತು ಸಾಕಿತ್ತು. ಒಂದು ಮೆಸೇಜು ಬಂದಿತ್ತು, ಏನೋ ಒತ್ತಿಬಿಟ್ಟೆ, ಎಂದಿದ್ದರೆ ಅವಳು ನಕ್ಕು, ಮಾವ ನೀವು ಮಾಸ್ತರಾಗಿ ಹಿಂಗ ಮಾಡೂದಾ, ಎಂದು ನಾಲ್ಕು ದಿನ ಕಾಡಿ ಮರೆಯುತ್ತಿದ್ದಳು. ಆಗಿನ್ನೂ ಅದು ಅಷ್ಟು ಚಿಕ್ಕದಿತ್ತು.

ಸಂಶಯ ಎಂಬುದು ಮನೆಯೊಳಗೆ ಬಂದರೆ ಒಬ್ಬರ ಹತ್ತಿರ ಕೂರುವುದಿಲ್ಲ. ಶಾರದಾಳಿಗೂ ತಗಲಿತು. ಕಸ್ತೂರಿ ಕಾಲೇಜಿನಿಂದ ಬರುವುದು ತುಸು ತಡವಾದರೆ ಬಾಗಿಲಲ್ಲಿ ನಿಲ್ಲುವಳು. ಅವಳ ಚೀಲ ತಡಕುವಳು. ಒಂದು ದಿನ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದಳು: "ಆಕಿ ಯಾರ ಜೋಡಿ ಏನರ ಇಟ್ಕೊಂಡಾಳೇನ್ರಿ? ನಿಮಗೇನರ ಕಿವಿಗೆ ಬಿದ್ದೈತೇನು?"

ಇಲ್ಲ ಎನ್ನಬಹುದಿತ್ತು. ನಾನು ಹೇಳಿದ್ದು, "ಈಗಿನ ಹುಡುಗ್ಯಾರದು ಹೆಂಗ ಹೇಳೂದು." ಅವಳ ರೊಟ್ಟಿ ಬಡಿಯುವ ಕೈ ನಿಂತಿತು. ಅದನ್ನು ನೋಡಿದೆ. ನೋಡಿ ಎದ್ದು ಹೊರಗೆ ಹೋದೆ. ನನ್ನೊಳಗೂ ಒಂದು ಸಂಶಯ ಬೆಳೆಯುತ್ತಿತ್ತು — ಕಸ್ತೂರಿಗೆ ಗೊತ್ತಾಗಿದೆಯೇ? ಅವಳು ಸುಮ್ಮನೆ ನನ್ನತ್ತ ನೋಡಿದರೂ ಪೇಪರು ಎತ್ತಿಕೊಳ್ಳುತ್ತಿದ್ದೆ. ಅವಳ ಮೇಲೆ ಸಂಶಯ ಬಿದ್ದಷ್ಟೂ ನಾನು ಗೆದ್ದೆ ಎಂಬ ಹಾಗೆ... ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಆಗ ಹಾಗೆಯೇ ಅನಿಸಿತ್ತು.

ಮದುವೆಯ ಜವಳಿಗೆ ಹೋಗುವ ಮಾತು ನಡೆದಿದ್ದಾಗ ಮಹಾಂತೇಶ ತನ್ನ ಕಾಕಾನನ್ನು ಕರೆದುಕೊಂಡು ಸಿಂದಗಿಗೆ ಬಂದ. ಅಗರಖೇಡದಿಂದ ನನ್ನ ಮಾವನವರನ್ನೂ ಕರೆಸಿದ್ದರು. ಎಲ್ಲರೂ ನಡುಮನೆಯಲ್ಲಿ ಜಮಖಾನದ ಮೇಲೆ ಕೂತೆವು. ಶಾರದಾ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಕಾಕಾ ಗಂಟಲು ಸರಿಮಾಡಿಕೊಂಡು ಕಸ್ತೂರಿಗೆ, "ಫೋನ್ ಇತ್ತ ಕೊಡವಾ," ಎಂದರು. ಅವಳು ಕೊಟ್ಟಳು. ಮಹಾಂತೇಶ ಅದನ್ನು ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿದ. ಅವನದೂ ಅಂಥದೇ ಫೋನು. ಎಲ್ಲಿ ಏನಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಕೈ ನಿಂತಿತು.

"ಏನೈತೋ?" ಎಂದರು ಕಾಕಾ.

"ಬರದ ಕಳಿಸ್ಯಾಳ," ಎಂದ. ಓದಲು ನೋಡಿದ. ಇಂಗ್ಲಿಷ್ ಅಕ್ಷರದ ಕನ್ನಡ, "ನಿನ... ನಿನ್ನಿ... ಜೋ..." ಎಂದು ಎಡವಿದ. ಕಾಕಾ ಫೋನನ್ನು ಅವನ ಕೈಯಿಂದ ತೆಗೆದು ನನ್ನ ಮುಂದೆ ಹಿಡಿದರು.

"ಮಾಸ್ತರ್ರ, ನೀವು ಓದ್ರಿ. ಎಲ್ಲಾರೂ ಕೇಳ್ಲಿ."

ನಾನು ಓದಿದೆ.

"ನಿನ್ನ ಜೋಡಿ ಮಾತಾಡಿದ್ರ ಮನಸ್ಸು ಹಗುರ ಆಗತೈತಿ. ಮನ್ಯಾಗ ಈಗ ಯಾರೂ ಇಲ್ಲ. ಈ ಮನ್ಯಾಗ ಇದ್ದೂ ನಾ ಒಂಟಿ ಇದ್ದಂಗ ಇದ್ದೇನಿ. ಶನಿವಾರ ಯಾವಾಗ ಬರತೈತಿ ಅಂತ ಕಾಯ್ತೇನಿ."

ನನ್ನದೇ ಮಾತು. ನಮ್ಮ ಭಾಷೆಯಲ್ಲಿ 'ನಾನು' ಎಂಬುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ; 'ಕಾಯ್ತೇನಿ' ಎಂದರೆ ಯಾರು ಬೇಕಾದರೂ ಆಗಬಹುದು. ಆವತ್ತು ಅದು ಕಸ್ತೂರಿಯಾಯಿತು. ಮಾವನವರು ತಲೆ ಕೆಳಗೆ ಹಾಕಿದರು.

ಅದು ಯಾವ ನಂಬರು ಎಂದು ಕಾಕಾ ಕೇಳಿದರು. ಗಿಡ್ಡ ನಂಬರೆಂದು ಹೇಳಿದೆ. "ನೋಡ್ರಿ, ನಂಬರ್ ಸುದ್ದಾ ಮುಚ್ಚಿಟ್ಟಾರ," ಎಂದರು ಅವರು. ಅದು ಏನೆಂದು ಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕಂಪನಿಯ ಮೋಸದ ನಂಬರದು ಎಂದರೆ, ಹಾಗಾದರೆ ಉತ್ತರ ಬರೆದವರಾರು ಎಂದು ಕೇಳುತ್ತಾರೆ. ಶಾರದಾ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಅವಳೆದುರು...

ಕಸ್ತೂರಿ ಎದ್ದು ನಿಂತು, "ಅದನ್ನ ನಾ ಬರದಿಲ್ಲ. ಶನಿವಾರ ಮನ್ಯಾಗ ಯಾರೂ ಇಲ್ಲದ ಹೊತ್ತಿನ್ಯಾಗ ನಾನೂ ಕಾಲೇಜಿನ್ಯಾಗ ಇರ್ತೇನಿ, ಫೋನ್ ಮನ್ಯಾಗ—" ಎಂದಳು. ಎಂದು ತಡೆದಳು. ನನ್ನ ಕಡೆ ನೋಡಿದಳು. ಆಮೇಲೆ ಅಕ್ಕನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ. ಮತ್ತೆ ಕೂತಳು.

"ಮನ್ಯಾಗ ಏನು? ಹೇಳು," ಎಂದ ಮಹಾಂತೇಶ. ಕೇಳಿದ ರೀತಿಯಲ್ಲೇ, ಏನಾದರೂ ಹೇಳಲಿ, ನಂಬಿಬಿಡುತ್ತೇನೆ, ಎಂಬುದಿತ್ತು.

ಅವಳು ಹೇಳಲಿಲ್ಲ.

ಕಾಕಾ ನನ್ನತ್ತ ತಿರುಗಿದರು. "ಮಾಸ್ತರ್ರ, ಹುಡುಗಿ ನಿಮ್ಮ ಮನ್ಯಾಗ ಇದ್ದಾಕಿ. ನಿಮಗೇನನಸ್ತೈತಿ? ಇದು ಬ್ಯಾರೆ ಯಾರರ ಬರದದ್ದು ಇರಬಹುದೇನು?"

ದೇವರು ಒಬ್ಬ ಮನುಷ್ಯನಿಗೆ ಇದಕ್ಕಿಂತ ಸರಳ ಪ್ರಶ್ನೆ ಕೇಳಿಸಲಾರ. ನಾನು ಫೋನನ್ನು ಜಮಖಾನದ ಮೇಲೆ ಇಟ್ಟೆ.

"ಫೋನ್ ಆಕೀದ ಐತ್ರಿ. ನಾ ಏನ್ ಹೇಳ್ಲಿ," ಎಂದೆ.

ಅವರು ಎದ್ದರು. ನಾನು ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಬರಲು ಹೋದೆ. ಬಸ್ಸು ಹತ್ತುವಾಗ ಮಹಾಂತೇಶ, "ಆಕಿಗೆ ಬೈಬ್ಯಾಡ್ರಿ," ಎಂದ. ನಾನು ತಲೆ ಆಡಿಸಿದೆ. ಮನೆಗೆ ಬೇಗ ಹೋಗಲು ಮನಸ್ಸಾಗದೆ ಎಪಿಎಂಸಿ ಕಡೆ ತಿರುಗಾಡಿ ಬಂದೆ. ಬರುವಷ್ಟರಲ್ಲಿ ಮಾವನವರು ಕಸ್ತೂರಿಯನ್ನು ಅಗರಖೇಡಕ್ಕೆ ಕರೆದುಕೊಂಡು ಹೋಗಿದ್ದರು. ಶಾರದಾ ಅಡುಗೆಮನೆಯಲ್ಲಿ ಬಾಗಿಲು ಎಳೆದುಕೊಂಡು ಕೂತಿದ್ದಳು. ಏನಾಯಿತೆಂದು ನಾನು ಕೇಳಲಿಲ್ಲ.

ಕಸ್ತೂರಿ ಪರೀಕ್ಷೆಗೆ ಅಗರಖೇಡದಿಂದಲೇ ಬಂದು ಹೋದಳು. ನಮ್ಮ ಮನೆಗೆ ಬರಲಿಲ್ಲ. ಪಾಸಾದಳು. ಆಮೇಲೆ ಬಂದ ಸಂಬಂಧದವರು ಮುದ್ದೇಬಿಹಾಳದಲ್ಲಿ ವಿಚಾರಿಸಿಕೊಂಡು ಸುಮ್ಮನಾಗುತ್ತಿದ್ದರು. ಮಹಾಂತೇಶನಿಗೆ ಬೇರೆ ಕಡೆ ಮದುವೆಯಾಯಿತು. ಅವಳಿಗೆ ಬಸವನಬಾಗೇವಾಡಿ ತಾಲೂಕಿನಲ್ಲಿ ಶಾಲೆಯ ನೌಕರಿ ಸಿಕ್ಕಿತು. ಬಾಗೇವಾಡಿಯಲ್ಲೇ ಮನೆ ಮಾಡಿಕೊಂಡು ಒಬ್ಬಳೇ ಉಳಿದಳು. ಮಾವನವರು ತೀರಿಕೊಳ್ಳುವವರೆಗೆ ಆ ಮಗಳೊಂದಿಗೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ನನ್ನ ಜೊತೆ ಮಾತ್ರ, ನಿಮ್ಮ ಮನೆಗೆ ಕೆಟ್ಟ ಹೆಸರು ತಂದಳು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಎಂದು ಕೈ ಹಿಡಿದು ಅತ್ತಿದ್ದರು. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಮುಂಜಾನೆ, ಶಾರದಾಳಿಗೆ ಬೇರೇನೋ ಕೆಲಸ ಹೇಳಿ ಬಾಗೇವಾಡಿಯ ಬಸ್ಸು ಹತ್ತಿದೆ. ಭಾನುವಾರ. ಕಸ್ತೂರಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ ಕಂಡಿತ್ತು. ಒಳಗೆ ಕರೆದಳು, ನೀರು ಕೊಟ್ಟಳು. ನಾನು ಕುಡಿಯದೆ ಎಲ್ಲ ಹೇಳಿದೆ. ಹೇಳುವಾಗ ಅವಳ ಮೋರೆ ಬದಲಾಗಲಿಲ್ಲ.

"ಗೊತ್ತಿತ್ತು ಮಾವ," ಎಂದಳು. "ಮಹಾಂತೇಶಗ ಅದನ್ನ ಓದಾಕ ಆಗ್ಲಿಲ್ಲ. ಇಂಗ್ಲಿಷ್ ಅಕ್ಷರದಾಗ ಬರದ ಕನ್ನಡ ಯಾರಿಗೂ ಒಮ್ಮೆಗೇ ಓದಾಕ ಬರೂದಿಲ್ಲ. ನೀವು ಎಲ್ಲೂ ತಡವರಿಸ್ಲಿಲ್ಲ. ಈ ಮನ್ಯಾಗ ಇದ್ದೂ ಒಂಟಿ ಅಂತ ಓದಿದ್ರಲ್ಲ, ಆವಾಗ ಖರೇ ಗೊತ್ತಾತು."

"ಮತ್ತ ಯಾಕ ಹೇಳ್ಲಿಲ್ಲ?"

"ಅಕ್ಕ ಅಲ್ಲೇ ನಿಂತಿದ್ಲು." ಮತ್ತೆ ತಾನೇ ಹೇಳಿದಳು: "ನೀವು ಹೇಳ್ತೀರಿ ಅಂತ ಅನ್ಕೊಂಡೆ. ಆವತ್ತಲ್ಲ ಅಂದ್ರ ನಾಳೆ. ನಾಳೆ ಅಲ್ಲಂದ್ರ ಹಬ್ಬಕ್ಕ ಬಂದಾಗ. ಆಮ್ಯಾಲ ಅನ್ಕೊಳ್ಳೂದು ಬಿಟ್ಟೆ."

ನಾನು ಕ್ಷಮಿಸು ಎಂದೆ. ಆ ಮಾತು ಅಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ... "ಅಂವ ಒಳ್ಳೆಯವ ಇದ್ದ. ಅದಕ್ಕ ಬ್ಯಾಸರ," ಎಂದಳಷ್ಟೆ. ಆಮೇಲೆ ಕೇಳಿದಳು: "ಅಕ್ಕಗ ಹೇಳೀರೇನು?"

"ಇಲ್ಲ."

"ಹಂಗಾರ ನನಗ್ಯಾಕ ಹೇಳಾಕ ಬಂದ್ರಿ? ನನಗ ಗೊತ್ತಿದ್ದದ್ದ ಐತಿ."

ಎದ್ದು ಮತ್ತೆ ಬಟ್ಟೆ ಹರವಲು ಹೋದಳು. ನಾನು ಚಪ್ಪಲಿ ಮೆಟ್ಟಿ ಬಂದೆ.

ಸಿಂದಗಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಶಾರದಾ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ಮೊದಲಿನಿಂದ ಹೇಳಿದೆ — ಶನಿವಾರ, ಪೂಜಾ, ಆ ಮಾತುಗಳು, ಪೇಪರಿನ ಹಿಂದಿನಿಂದ ಹೇಳಿದ ಸುಳ್ಳು, ಜಮಖಾನದ ಮೇಲೆ ಹೇಳಿದ ಸುಳ್ಳು. ಮನೆಯಲ್ಲಿದ್ದೂ ಒಂಟಿ ಎಂದು ಬರೆದದ್ದನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುತ್ತಾಳೆ — ಬಸ್ಸಿನಲ್ಲಿ ಬರುತ್ತ ಎಲ್ಲಕ್ಕೂ ತಯಾರಾಗಿದ್ದೆ.

ಅವಳು ಮೊರ ಕೆಳಗಿಟ್ಟಳು. ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ನೋಡುತ್ತ ಕೂತಳು.

"ನೀವು ಆವತ್ತ ಬಸ್‌ಸ್ಟ್ಯಾಂಡಿಗೆ ಹೋಗಿದ್ರಿ," ಎಂದಳು. "ನಾ ಆಕಿಗೆ ಹೊಡದೆ. ಅಪ್ಪನ ಮುಂದ. ಬಾಯಿಲೆ ರಕ್ತಾ ಬಂತು. ನನ್ನ ಮಾರಿ ನೋಡ್ಕೋತ ನಿಂತ್ಲು, ಒಂದು ಮಾತ ಆಡ್ಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರೂ ಇಷ್ಟು ವರ್ಷ ಹೇಳಿರಲಿಲ್ಲ.

ಶಾರದಾ ಎದ್ದು ಒಳಗೆ ಹೋಗಿ ಸೀರೆ ಬದಲಿಸಿ, ಕೈಚೀಲ ಹಿಡಿದು ಬಂದಳು. ಬಾಗೇವಾಡಿಗೆ ಕೊನೆಯ ಬಸ್ಸು ಯಾವಾಗ ಎಂದು ಕೇಳಿದಳು. ಹೇಳಿದೆ. ನಾನೂ ಬರಲೇ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಹೋಗುವಾಗ ಅವಳು ತಿರುಗಿ ನೋಡಲಿಲ್ಲ, ಯಾವಾಗ ಬರುತ್ತೇನೆಂದು ಹೇಳಲಿಲ್ಲ.

ಅವಳಿನ್ನೂ ಅಲ್ಲಿಯೇ ಇದ್ದಾಳೆ. ನಾನು ಫೋನು ಮಾಡಿಲ್ಲ. ಕರೆಯಲು ಹೋಗಿಲ್ಲ. ನೆರೆಯವರು ಶಾರದವ್ವಾರು ಎಲ್ಲಿಗೆ ಹೋಗ್ಯಾರ್ರಿ ಎಂದು ಕೇಳುತ್ತಾರೆ. ತಂಗಿಯ ಮನೆಗೆ, ಎನ್ನುತ್ತೇನೆ. ಯಾಕೆ ಎಂದು ಕೇಳಿದವರಿಗೆ, ಈಗ ಇಲ್ಲಿ ಬರೆದದ್ದನ್ನು ಹೇಳುತ್ತಿದ್ದೇನೆ. ನಿನ್ನೆ ಗಣಿತದ ಮಾಸ್ತರರಿಗೆ ಹೇಳಿದೆ. ನಾಳೆ ಮುದ್ದೇಬಿಹಾಳಕ್ಕೆ ಹೋಗಿ ಮಹಾಂತೇಶನ ಅಂಗಡಿಯ ಮುಂದೆ ನಿಂತು ಹೇಳಬೇಕು.